ಮಂಡಿ ಸವೆತದ ಖರ್ಚು: ಬಿಲ್ಲಿಗೆ ಬಾರದ ಲೆಕ್ಕ

ಕೋಬಾಲ್ಟ್ ಕ್ರೋಮಿಯಂ ಮಂಡಿ ಇಂಪ್ಲಾಂಟ್ ಒಂದಕ್ಕೆ 54,720 ರೂಪಾಯಿ, ಜಿಎಸ್‌ಟಿ ಬೇರೆ. 2017ರ ಆಗಸ್ಟ್ 16ರಂದು ಕೇಂದ್ರ ಸರ್ಕಾರ ಗೊತ್ತುಮಾಡಿದ ಗರಿಷ್ಠ ದರ ಇದು. ಅಲ್ಲಿಯವರೆಗೆ ಅದೇ ಇಂಪ್ಲಾಂಟಿನ ಸರಾಸರಿ ದರ 1,58,324 ರೂಪಾಯಿ ಇತ್ತು. ಟೈಟಾನಿಯಂ ಇಂಪ್ಲಾಂಟ್ 2,49,251ರಿಂದ 76,600ಕ್ಕೆ ಬಂತು. ಮೊದಲು ಹಾಕಿದ ಕೀಲು ಕೆಟ್ಟು ಮತ್ತೆ ಹಾಕಿಸಿಕೊಳ್ಳುವವರ ಇಂಪ್ಲಾಂಟ್ 2,76,869ರಿಂದ 1,13,950ಕ್ಕೆ ಇಳಿಯಿತು. ಇದನ್ನು ಪ್ರಕಟಿಸಿದವರು ಆಗ ಕೇಂದ್ರದ ರಾಸಾಯನಿಕ ಮತ್ತು ರಸಗೊಬ್ಬರ ಸಚಿವರೂ ಬೆಂಗಳೂರು ದಕ್ಷಿಣದ ಸಂಸದರೂ ಆಗಿದ್ದ ಅನಂತಕುಮಾರ್. ಕಂಪನಿಯಿಂದ ಹೊರಟ ಇಂಪ್ಲಾಂಟ್ ರೋಗಿಯ ಬಿಲ್ಲು ಸೇರುವಷ್ಟರಲ್ಲಿ ಅದರ ಮೇಲೆ ಶೇ. 313ರವರೆಗೂ ಲಾಭ ಕೂಡುತ್ತಿತ್ತೆಂದು ಸರ್ಕಾರವೇ ಅಂದು ಹೇಳಿತು.

ಎರಡೂ ಮಂಡಿಗೆ ಆಪರೇಷನ್ ಬೇಕಾದವರಿಗೆ ಇಂಪ್ಲಾಂಟಿನ ಖರ್ಚಿನಲ್ಲೇ 2,07,208 ರೂಪಾಯಿ ಉಳಿದಂತಾಯಿತು. ಇದು ಸಣ್ಣ ಉಪಕಾರವಲ್ಲ. ಒಡವೆ ಅಡವಿಟ್ಟು ಅಮ್ಮನ ಮಂಡಿ ಆಪರೇಷನ್ ಮಾಡಿಸಿದ ಮನೆಗಳಿಗೆ ಅದರ ಬೆಲೆ ಗೊತ್ತು. ಆದರೆ ಮಿತಿ ಬಿದ್ದದ್ದು ಇಂಪ್ಲಾಂಟಿಗೆ ಮಾತ್ರ. ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ಅರಿವಳಿಕೆ, ವಾರ್ಡಿನ ಬಾಡಿಗೆಯನ್ನು ಆ ಆದೇಶ ಮುಟ್ಟಲಿಲ್ಲ.

ನನ್ನನ್ನು ಹೆಚ್ಚು ಕಾಡುವ ಲೆಕ್ಕ ಬೇರೆಯೇ ಇದೆ. ದೇಶದಲ್ಲಿ ವರ್ಷಕ್ಕೆ ಸುಮಾರು 1.2 ಲಕ್ಷದಿಂದ 1.5 ಲಕ್ಷ ಮಂಡಿ ಬದಲಿ ಆಪರೇಷನ್ ನಡೆಯುತ್ತವೆ ಎಂಬುದು ಅಂದಿನ ಸರ್ಕಾರಿ ಅಂದಾಜು. ಕೀಲು ಸವೆತ ಇರುವವರು 1990ರಲ್ಲಿ ಸುಮಾರು 2.3 ಕೋಟಿ, 2019ರಲ್ಲಿ 6.2 ಕೋಟಿ. ಹೆಚ್ಚಿನವರಿಗೆ ಸವೆದಿರುವುದು ಮಂಡಿಯೇ. ಅಂದರೆ ಒಂದು ವರ್ಷದಲ್ಲಿ ಆಪರೇಷನ್ ಟೇಬಲ್ ತಲುಪುವವರು 400 ಜನರಲ್ಲಿ ಒಬ್ಬರೂ ಇಲ್ಲ. ಉಳಿದವರು ನೋವಿನ ಮಾತ್ರೆ, ಎಣ್ಣೆ, ಮಂಡಿಗೆ ಹಾಕುವ ಪಟ್ಟಿ, ತಪ್ಪಿದ ಕೂಲಿ ಇವುಗಳಲ್ಲಿ ಕಂತುಕಂತಾಗಿ ಹಣ ಕಳೆಯುತ್ತಾರೆ. ತುರಿಮಣೆ ಮೇಲೆ ಕೂತರೆ ಏಳಲಾಗದ ಹೆಂಗಸು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಇವರಿಗೆ ಏನು ಉಪಯೋಗವಾಗುತ್ತದೆ ಎಂಬುದಕ್ಕೆ ಸಂಶೋಧನೆ ಉತ್ತರ ಕೊಟ್ಟಿದೆ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು ಮಂಡಿ ಸವೆತವೂ ಅತಿತೂಕವೂ ಇದ್ದ 142 ಹಿರಿಯರ ನಡಿಗೆಯನ್ನು ಅಳೆದು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈತೂಕ 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ 4 ಕೆಜಿ ಇಳಿಯುತ್ತದೆ. 5 ಕೆಜಿ ಇಳಿಸಿದವರಿಗೆ ಹೆಜ್ಜೆಗೆ 20 ಕೆಜಿ ಕಡಿಮೆ. ಒಂದು ಕಿಲೋಮೀಟರ್ ನಡೆದರೆ ಒಂದೊಂದು ಕಾಲೂ ಸುಮಾರು 750 ಸಲ ನೆಲಕ್ಕೆ ಊರುತ್ತದೆ; ಗುಣಿಸಿ ನೋಡಿದರೆ ಒಂದು ಮಂಡಿಗೆ 15 ಟನ್ ಹೊರೆ ತಪ್ಪುತ್ತದೆ. ಕರ್ನಾಟಕದಲ್ಲಿ ಅತಿತೂಕದ ಹೆಂಗಸರ ಪ್ರಮಾಣ ನಾಲ್ಕನೆಯ ಮತ್ತು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ ಶೇ. 23.3ರಿಂದ 30.1ಕ್ಕೆ ಏರಿದೆ. ಮುಂದಿನ ಹತ್ತು ವರ್ಷದ ಮಂಡಿನೋವು ಈ ಅಂಕಿಯೊಳಗೆ ಈಗಲೇ ಕೂತಿದೆ.

ಇನ್ನು ವ್ಯಾಯಾಮದ ಮಾತು. ಆಪರೇಷನ್ ಮಾಡಬಹುದೆಂದು ಡಾಕ್ಟರು ಹೇಳಿದ್ದ 100 ಜನರನ್ನು ಡೆನ್ಮಾರ್ಕಿನ ಸಂಶೋಧಕರು ಎರಡು ಗುಂಪು ಮಾಡಿದರು. ವ್ಯಾಯಾಮ, ಆಹಾರ ಸಲಹೆ, ತಿಳಿವಳಿಕೆ ಎರಡೂ ಗುಂಪಿಗೆ ಸಿಕ್ಕಿತು. ಆಪರೇಷನ್ ಒಂದು ಗುಂಪಿಗೆ ಮಾತ್ರ. ನೂರು ಅಂಕದ ಮಾಪನದಲ್ಲಿ ಒಂದು ವರ್ಷದ ಬಳಿಕ ಆಪರೇಷನ್ ಆದವರು 32.5 ಅಂಕ ಸುಧಾರಿಸಿದ್ದರು, ಆಗದವರು 16. ಆಪರೇಷನ್ನಿನ ಲಾಭ ದೊಡ್ಡದೇ, ಅದನ್ನು ಮುಚ್ಚಿಡಬಾರದು. ಆದರೆ ಗಂಭೀರ ತೊಂದರೆಗಳು ಮೊದಲ ಗುಂಪಿನಲ್ಲಿ 24, ಎರಡನೆಯದರಲ್ಲಿ 6. ಎರಡನೆಯ ಗುಂಪಿನಲ್ಲಿ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು ಶೇ. 26 ಮಾತ್ರ. ಮುಕ್ಕಾಲುಪಾಲು ಜನ ಆ ವರ್ಷವನ್ನು ಚಾಕು ಮುಟ್ಟಿಸಿಕೊಳ್ಳದೆ ಕಳೆದರು.

ಮಂಡಿಗೆ ಹೇಳಿಕೊಡುವ ವ್ಯಾಯಾಮದಲ್ಲಿ ಯಂತ್ರವಿಲ್ಲ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕಾಲಿನಿಂದ ಒತ್ತಿ ಹಿಡಿಯುವುದು, ಕೈ ಊರದೆ ಕುರ್ಚಿಯಿಂದ ಎದ್ದು ನಿಧಾನವಾಗಿ ಕೂರುವುದು. ತೊಡೆಯ ಮುಂದಿನ ಸ್ನಾಯು ಗಟ್ಟಿಯಾದಷ್ಟೂ ಕೀಲಿಗೆ ಆಸರೆ. ಕಷ್ಟ ಇರುವುದು ಮೊದಲ ವಾರಗಳಲ್ಲಿ, ನೋವು ಕಂಡ ಕೂಡಲೇ ಹೆದರಿ ಬಿಟ್ಟುಬಿಡುವಲ್ಲಿ. ಪಕ್ಕದಲ್ಲಿ ನಿಂತು 'ಇಷ್ಟು ನೋವು ಸರಿ, ಇದಕ್ಕಿಂತ ಬೇಡ' ಎನ್ನುವ ಫಿಸಿಯೋಥೆರಪಿಸ್ಟ್ ಬೇಕಾಗುವುದು ಅಲ್ಲೇ.

ಡೆನ್ಮಾರ್ಕಿನಲ್ಲಿ ಇದಕ್ಕೆಂದೇ 2013ರಲ್ಲಿ ಶುರುವಾದ ಕಾರ್ಯಕ್ರಮದಲ್ಲಿ ವಾರಕ್ಕೆರಡರಂತೆ 12 ಸಲ ವ್ಯಾಯಾಮ ಮಾಡಿಸುತ್ತಾರೆ. ನಮ್ಮಲ್ಲಿ ಸಲಕ್ಕೆ 500 ರೂಪಾಯಿ ಎಂದಿಟ್ಟುಕೊಂಡರೂ 12 ಸಲಕ್ಕೆ 6,000. ಅಗ್ಗದ ಇಂಪ್ಲಾಂಟಿನ ಬೆಲೆಯ ಒಂಬತ್ತರಲ್ಲಿ ಒಂದು ಪಾಲು. ದರ ಮಿತಿಯಿಂದ ರೋಗಿಗಳಿಗೆ ವರ್ಷಕ್ಕೆ 1,500 ಕೋಟಿ ಉಳಿಯುತ್ತದೆ ಎಂದಿತ್ತು ಸರ್ಕಾರ. ಅಷ್ಟು ಹಣಕ್ಕೆ 25 ಲಕ್ಷ ಜನರಿಗೆ ಈ 12 ಪಾಠ ಕೊಡಿಸಬಹುದು. ಆಯುಷ್ಮಾನ್ ಕಾರ್ಡಿನ 5 ಲಕ್ಷ ರೂಪಾಯಿ ರಕ್ಷಣೆ ಆಸ್ಪತ್ರೆಗೆ ದಾಖಲಾದವರಿಗೆ. ಕುರ್ಚಿಯಿಂದ ಏಳುವುದನ್ನು ಕಲಿಯಲು ಬರುವವರಿಗೆ ಅದರಲ್ಲಿ ಜಾಗವಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಬೆಳಗ್ಗೆ, ಮಂಡಿನೋವಿನವರಿಗೆಂದೇ ಒಬ್ಬ ಫಿಸಿಯೋಥೆರಪಿಸ್ಟ್ ಮತ್ತು ಹತ್ತು ಕುರ್ಚಿ: ಮುಂದಿನ ಬಜೆಟ್ಟಿನಲ್ಲಿ ಕೇಳಬೇಕಾದ್ದು ಇದನ್ನು.