ಮಂಜುಗಡ್ಡೆಯ ಕಡಲಿನಲ್ಲಿ ಐದು ಗಂಟೆ

ದಕ್ಷಿಣಧ್ರುವದ ಮಂಜುಗಡ್ಡೆಯನ್ನು ನೋಡಲು ಹಣ ತೆತ್ತು ಹೋಗುವವರೂ ಉಂಟೇ ಎಂದು ವಾಚಕರು ಕೇಳಬಹುದು. ಉಂಟು. ಈ ಯಾತ್ರೆಗೆ ದಾರಿ ತೆರೆದವರಲ್ಲಿ ಮುಖ್ಯನಾದವನು ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್. 1966ರಲ್ಲಿ ಬಾಡಿಗೆಯ ಹಡಗಿನಲ್ಲಿ ಪ್ರವಾಸಿಗರನ್ನು ಅಂಟಾರ್ಕ್ಟಿಕಕ್ಕೆ ಕರೆದೊಯ್ದ ಆತನು, 1969ರಲ್ಲಿ ಇದಕ್ಕೆಂದೇ ಫಿನ್ಲೆಂಡಿನಲ್ಲಿ ಒಂದು ಹಡಗನ್ನು ಕಟ್ಟಿಸಿದನು. ಮಂಜಿನ ತಿಕ್ಕಾಟವನ್ನು ತಾಳಲೆಂದು ಅದರ ಒಡಲನ್ನು ಬಲಪಡಿಸಿದ್ದರು. ಮೈಗೆ ಕೆಂಪು ಬಣ್ಣ. ಮುಂದೆ ಅದಕ್ಕೆ ‘ಎಕ್ಸ್‌ಪ್ಲೋರರ್’ ಎಂಬ ಹೆಸರು ನಿಂತಿತು.

2007ರ ನವೆಂಬರ್ 11ರಂದು ಅದು ಅರ್ಜೆಂಟೀನಾದ ಉಶುವಾಯಾ ಬಂದರನ್ನು ಬಿಟ್ಟಿತು. ಪ್ರವಾಸಿಗರು 91, ಮಾರ್ಗದರ್ಶಕರು 9, ಹಡಗಿನ ಕೆಲಸಗಾರರು 54. ಅಡಿಗೆ, ಬಡಿಕೆ, ಹಾಸಿಗೆ, ಯಂತ್ರ ಎಲ್ಲಕ್ಕೂ ಕೈ ಬೇಕಷ್ಟೆ. ಹೋಟೆಲು ನಡೆಸಿ ಬಲ್ಲವರಿಗೆ ಈ ಲೆಕ್ಕ ಥಟ್ಟನೆ ತಿಳಿದೀತು.

ನವೆಂಬರ್ 22ರ ನಡುರಾತ್ರಿಯ ಹೊತ್ತಿಗೆ, ಬ್ರಾನ್ಸ್‌ಫೀಲ್ಡ್ ಜಲಸಂಧಿಯಲ್ಲಿ ಹಡಗು ಮಂಜುಗಡ್ಡೆಗೆ ತಾಗಿತು. ಮಲಗುವ ಕೋಣೆಗಳಿಗೆ ನೀರು ನುಗ್ಗಿತು. ನೀರೆತ್ತುವ ಪ್ರಯತ್ನ ಸೋತು, ವಿದ್ಯುತ್ತೂ ನಿಂತುಹೋಗಲು, ಬೆಳಗಿಗೆ ಮುನ್ನವೇ ಎಲ್ಲರೂ ದೋಣಿಗಳಿಗೆ ಇಳಿದರು. ತೆರೆದ ದೋಣಿಗಳವು. ಕೆಲವುಗಳ ಯಂತ್ರ ಹೊರಡಲೇ ಇಲ್ಲ! ಒಡೆಯನೂ ಆಳೂ ಒಂದೇ ಹಲಗೆಯ ಮೇಲೆ ಕುಳಿತು ಸುಮಾರು ಐದು ಗಂಟೆ ಚಳಿಯನ್ನು ಸಹಿಸಿದರು. ಆಮೇಲೆ ನಾರ್ವೆಯ ‘ನಾರ್ಡ್‌ನಾರ್ಗೆ’ ಎಂಬ ಪ್ರವಾಸದ ಹಡಗು ಬಂದು 154 ಜನರನ್ನೂ ಎತ್ತಿಕೊಂಡಿತು. ಒಬ್ಬರೂ ಸಾಯಲಿಲ್ಲ. ಕೆಂಪು ಹಡಗು ಅದೇ ದಿನ ಮುಳುಗಿತು.

ಮಂಜಿಗೆಂದೇ ಕಟ್ಟಿದ ಹಡಗು ಮಂಜಿಗೇ ತುತ್ತಾದದ್ದು ಹೇಗೆ? ಹಡಗು ಲೈಬೀರಿಯಾದಲ್ಲಿ ನೋಂದಾಯಿತವಾಗಿದ್ದರಿಂದ ಆ ದೇಶದವರು ತನಿಖೆ ನಡೆಸಿ 2009ರಲ್ಲಿ ವರದಿಯಿತ್ತರು. ಮಂಜಿನಲ್ಲಿ ಎರಡು ಜಾತಿ. ಕಡಲ ನೀರು ಒಂದು ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ದರೆ ಅದು ಉಪ್ಪುಳ್ಳದ್ದು, ಮೆದು. ಹಡಗು ಅದನ್ನು ಒಡೆದು ಸಾಗಬಲ್ಲದು. ನೆಲದ ಮೇಲೆ ಬಿದ್ದ ಹಿಮವು ನೂರಾರು ವರ್ಷ ಅದುಮಿಕೊಂಡು, ಹಿಮನದಿಯಾಗಿ ಹರಿದು, ಕಡಲಿಗೆ ಮುರಿದು ಬಿದ್ದದ್ದಾದರೆ ಅದು ಬಂಡೆಯೇ ಸರಿ. ಬಾಲ್ಟಿಕ್ ಸಮುದ್ರದ ಮಂಜಿನಲ್ಲಿ ಪಳಗಿದ್ದ ಕಪ್ತಾನನು ಮುಂದಿದ್ದ ಗಟ್ಟಿಯನ್ನು ಮೆದುವೆಂದೇ ಎಣಿಸಿದನು, ವೇಗವೂ ಹೆಚ್ಚಾಗಿತ್ತು. ಒಂದೂರಿನ ಅನುಭವವನ್ನು ಇನ್ನೊಂದೂರಿನಲ್ಲಿ ನೆಚ್ಚಿದ್ದೇ ಮುಳುವಾಯಿತೆಂದು ನನ್ನ ಎಣಿಕೆ.

ಅಲ್ಲಿಂದೀಚೆಗೆ ಕಟ್ಟಳೆ ಬಿಗಿಯಾಗಿವೆ. ದಪ್ಪ ಉರಿಯೆಣ್ಣೆಯ ಹಡಗುಗಳಿಗೆ 2011ರಿಂದ ಆ ನೀರಿನಲ್ಲಿ ನಿಷೇಧ. 2017ರಿಂದ ಧ್ರುವಪ್ರದೇಶದ ನೌಕಾಯಾನಕ್ಕೆಂದೇ ಬೇರೆ ನಿಯಮಾವಳಿ ಜಾರಿಗೆ ಬಂದಿದೆ. ಆದರೂ ಅತ್ತ ಹೋಗುವ ಹಡಗಿಗೆ ಅಪಾಯ ಬಂದಾಗ ಮೊದಲು ಕೈಗೆಟುಕುವುದು ಹತ್ತಿರದಲ್ಲಿ ಸುಳಿಯುತ್ತಿರುವ ಇನ್ನೊಂದು ಹಡಗೇ.