ಒಡ್ಡಿನ ಮೇಲಿನ ಹಗಲುವೇಷ

ಲಿಂಬೆ ಸಸಿ ಹಚ್ಚಿದವರು ಮುಂಗಾರು ಶುರುವಾದೊಡನೆ ಕೇಳುವ ಪ್ರಶ್ನೆ ಒಂದೇ. "ಎಲಿ ತಿನ್ನೋ ಹುಳ ಬಿದ್ದೈತಿ, ಯಾವ ಎಣ್ಣಿ ಹೊಡೀಲಿ?" ಅಂಗಡಿಯವನು ಒಂದು ಬಾಟ್ಲಿ ಕೊಡ್ತಾನೆ. ಹೊಡೀತೇವೆ, ಹುಳ ಸಾಯ್ತದೆ, ಅಲ್ಲಿಗೆ ಮುಗೀತು. ಆ ಹುಳ ಯಾರ ಮರಿ, ದೊಡ್ಡದಾದ ಮೇಲೆ ಏನಾಗ್ತದೆ, ಒಡ್ಡಿನ ಮೇಲೆ ಬೆಳೆದ ಕಸಕ್ಕೂ ಅದಕ್ಕೂ ಏನು ನಂಟು ಅಂತ ಕೇಳುವವರು ಕಡಿಮೆ.

ನಾನು ಏಳನೇ ಇಯತ್ತೆವರೆಗೆ ಕಲಿತವನು. ನಮ್ಮದು ಮಳೆ ನಂಬಿದ ಎರೆ ಹೊಲ. ಜೋಳ, ಕಡಲೆ, ತೊಗರಿ ಬೆಳೀತೇವೆ. ಕೃಷಿ ಹೊಂಡದ ದಂಡೆಗೆ ಇಪ್ಪತ್ತು ಲಿಂಬೆ ಗಿಡ ಇವೆ. ಹೊಲದಲ್ಲಿ ನಾನು ಕಂಡದ್ದು, ಮಗಳು ಪುಸ್ತಕ ಓದಿ ತಿಳಿಸಿದ್ದು, ಎರಡನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಹಿಕ್ಕೆಯ ವೇಷದ ಮರಿ

ಲಿಂಬೆಯ ಎಳೆ ಚಿಗುರಿನ ಮೇಲೆ ಸಾಸಿವೆಗಿಂತ ಸಣ್ಣದಾದ, ತಿಳಿ ಹಳದಿಯ ದುಂಡನೆ ಮೊಟ್ಟೆ ಕಾಣ್ತದೆ. ಗುಂಪಾಗಿ ಇರೋದಿಲ್ಲ, ಒಂದೊಂದೇ ಇರ್ತದೆ. ಇದು ನಿಂಬೆ ಪಾತರಗಿತ್ತಿಯ ಮೊಟ್ಟೆ. ಮೂರು ನಾಲ್ಕು ದಿನಕ್ಕೆ ಒಡೆದು ಮರಿ ಹೊರಗೆ ಬರ್ತದೆ. ಕಂದು ಮೈ, ನಡುವೆ ಬಿಳಿ ಪಟ್ಟೆ, ಮೇಲೆ ಒದ್ದೆ ಹೊಳಪು. ನೋಡಿದವರು ಹಕ್ಕಿ ಹಿಕ್ಕೆ ಹಾಕಿದೆ ಅಂತ ಮುಂದೆ ಹೋಗ್ತಾರೆ. ಹಕ್ಕಿಯೂ ಹಾಗೇ ಹೋಗ್ತದೆ. ತನ್ನ ಹಿಕ್ಕೆಯನ್ನು ತಾನೇ ತಿನ್ನುವ ಹಕ್ಕಿ ಎಲ್ಲಿದೆ?

ಮರಿ ನಾಲ್ಕು ಸಲ ಪೊರೆ ಬಿಡ್ತದೆ. ಕೊನೆಯ ಪೊರೆ ಬಿಟ್ಟಾಗ ಬೆರಳುದ್ದ ಬೆಳೆದಿರ್ತದೆ, ಹಿಕ್ಕೆಯ ವೇಷ ಇನ್ನು ಒಪ್ಪೋದಿಲ್ಲ. ಆವಾಗ ಎಲೆಯಷ್ಟೇ ಹಸಿರಾಗಿ ಬಿಡ್ತದೆ. ಕಡ್ಡಿಯಿಂದ ಮುಟ್ಟಿ ನೋಡ್ರಿ, ತಲೆಯ ಹಿಂದಿನಿಂದ ಹಾವಿನ ನಾಲಿಗೆಯಂತೆ ಸೀಳಿದ ಕೆಂಪು ಕೋಡು ಹೊರಗೆ ಹಾಕ್ತದೆ. ಕೊಳೆತ ಹುಳಿ ಹಣ್ಣಿನಂಥ ಘಾಟು ಮೂಗಿಗೆ ಬಡೀತದೆ. ಇರುವೆ, ಸಣ್ಣ ಕಣಜಗಳನ್ನು ಬೆದರಿಸಲು ಈ ಏರ್ಪಾಡು.

ಆಮೇಲೆ ಕಡ್ಡಿಗೆ ನೂಲಿನ ನಡುಪಟ್ಟಿ ಬಿಗಿದುಕೊಂಡು ಕೋಶ ಕಟ್ತದೆ. ಹಸಿರು ಟೊಂಗೆಯ ಮೇಲೆ ಕಟ್ಟಿದ ಕೋಶ ಹಸಿರು, ಒಣ ಕಡ್ಡಿಯ ಮೇಲೆ ಕಟ್ಟಿದ್ದು ಕಂದು. ಮೊಟ್ಟೆಯಿಂದ ರೆಕ್ಕೆವರೆಗೆ ಹೆಚ್ಚುಕಡಿಮೆ ಒಂದು ತಿಂಗಳು ಹಿಡೀತದೆ. ಚಳಿಯಲ್ಲಿ ಇನ್ನೂ ತಡ ಆಗ್ತದೆ.

ಬಾಲ ಇರುವ ಮನೆತನ

ಈ ಪಾತರಗಿತ್ತಿ ಸೇರಿದ ಮನೆತನಕ್ಕೆ ಕವಲುಬಾಲದ ಪಾತರಗಿತ್ತಿ ಅಂತಾರೆ. ಹಿಂದಿನ ರೆಕ್ಕೆಗೆ ಸಣ್ಣ ಬಾಲ ಇರೋದರಿಂದ ಬಂದ ಹೆಸರು. ಎಲ್ಲಕ್ಕೂ ಬಾಲ ಇಲ್ಲ. ನಮ್ಮ ನಿಂಬೆ ಪಾತರಗಿತ್ತಿಗೇ ಇಲ್ಲ. ಆದರೆ ಆ ಸೀಳುಕೋಡು ಮಾತ್ರ ಮನೆತನದ ಎಲ್ಲ ಮರಿಗಳಿಗೂ ಇದೆ. ಜಗತ್ತಿನಲ್ಲಿ ಈ ಮನೆತನದ 550ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಪಶ್ಚಿಮ ಘಟ್ಟದಲ್ಲಿ 19 ಇವೆ. ರಾಜ್ಯದ ಚಿಟ್ಟೆ ಅಂತ ಆರಿಸಿದ ಸದರ್ನ್ ಬರ್ಡ್‌ವಿಂಗ್ ಇದೇ ಮನೆತನದ್ದು. ರೆಕ್ಕೆ ಬಿಚ್ಚಿದರೆ ಗೇಣಿನ ಹತ್ತಿರ ಹತ್ತಿರ ಬರ್ತದೆ. ಅದು ಮಲೆನಾಡಿನದು.

ನಮ್ಮ ಬಯಲು ಸೀಮೆಯೇನೂ ಬರಿದಲ್ಲ. ಲಿಂಬೆ, ಕರಿಬೇವು, ಬಿಲ್ವಪತ್ರೆ, ಬೇಲ ಇರುವಲ್ಲಿ ನಿಂಬೆ ಪಾತರಗಿತ್ತಿ ಇದ್ದೇ ಇರ್ತದೆ. ಎರೆ ಹೊಲದ ಬಾವಂಚಿ ಗಿಡದ ಮೇಲೂ ಮೊಟ್ಟೆ ಇಡ್ತದೆ. ಸೀತಾಫಲ, ರಾಮಫಲದ ಎಲೆ ತಿನ್ನುವ ಹಸಿರು ಚುಕ್ಕೆಯ ಟೇಲ್ಡ್ ಜೇ ಇದೆ. ಲಿಂಬೆ, ಕರಿಬೇವಿನ ಮೇಲೆಯೇ ಬೆಳೆಯುವ ಇನ್ನೊಂದು ಇದೆ, ಅದಕ್ಕೆ ಕಾಮನ್ ಮಾರ್ಮನ್ ಅಂತ ಹೆಸರು. ಇದರ ಮರಿಯೂ ನಿಂಬೆ ಪಾತರಗಿತ್ತಿಯ ಮರಿಯಂತೆಯೇ ಕಾಣ್ತದೆ. ನಾನು ಹೇಳಹೊರಟ ಹಗಲುವೇಷ ಈ ಮಾರ್ಮನ್‌ನದು.

ಆಡುಮುಟ್ಟದ ಗಿಡ

ವೇಷ ತಿಳಿಯಬೇಕಾದರೆ ಮೊದಲು ಒಂದು ಗಿಡ ತಿಳಿಯಬೇಕು. ಎರೆ ಹೊಲದ ಒಡ್ಡಿನ ಮೇಲೆ ನೆಲಕ್ಕೆ ಹರಡಿ ಬೆಳೆಯುವ ಒಂದು ಕಸ. ಬೂದು ಹಸಿರು ಬಣ್ಣದ, ಹೃದಯದ ಆಕಾರದ ಎಲೆ. ಕೊಳವೆಯಂಥ ಹೂವು, ಅದರ ನಾಲಿಗೆ ಕಪ್ಪುಗೆಂಪು. ತಿಕ್ಕಿದರೆ ಕೆಟ್ಟ ನಾತ, ಬಾಯಿಗಿಟ್ಟರೆ ಕಹಿ. ಕೆಲವರು ಆಡುಮುಟ್ಟದ ಗಿಡ ಅಂತಾರೆ, ಕೆಲವರು ಕತ್ತೆಕಿರುಬನ ಗಿಡ ಅಂತಾರೆ. ಮಲೆನಾಡಿನ ಈಶ್ವರಿ ಬಳ್ಳಿ ಇದರ ದಾಯಾದಿ.

ಆಡು ಕೂಡ ಮುಟ್ಟದ ಈ ಗಿಡವನ್ನು ಎರಡು ಪಾತರಗಿತ್ತಿಗಳ ಮರಿ ಹೊಟ್ಟೆತುಂಬ ತಿಂತವೆ. ಒಂದು ಕಾಮನ್ ರೋಸ್, ಇನ್ನೊಂದು ಕ್ರಿಮ್ಸನ್ ರೋಸ್. ಎಲೆಯಲ್ಲಿ ಅರಿಸ್ಟೊಲೋಕಿಕ್ ಆಮ್ಲ ಅನ್ನುವ ವಿಷ ಇದೆ. ಮರಿ ಆ ವಿಷದಿಂದ ಸಾಯೋದಿಲ್ಲ. ಅದನ್ನು ಮೈಯಲ್ಲೇ ಕೂಡಿಟ್ಟುಕೊಳ್ತದೆ. ರೆಕ್ಕೆ ಬಂದ ಮೇಲೂ ವಿಷ ಮೈಯಲ್ಲೇ ಉಳೀತದೆ.

ಹೀಗಾಗಿ ರೋಸ್‌ಗಳಿಗೆ ಅವಸರವೇ ಇಲ್ಲ. ಕಪ್ಪು ರೆಕ್ಕೆ, ಕೆಂಪು ಚುಕ್ಕೆ, ಕೆಂಪು ಮೈ ಎಲ್ಲರಿಗೂ ಕಾಣುವಂತೆ ತೋರಿಸ್ತಾ ನಿಧಾನ ಹಾರ್ತವೆ. ಒಂದು ಸಲ ಬಾಯಿಗೆ ಹಾಕಿ ಉಗುಳಿದ ಹಕ್ಕಿ ಆ ಬಣ್ಣವನ್ನು ಮರೆಯೋದಿಲ್ಲ. ಕೆಂಪು ಬಣ್ಣ ಅಂದರೆ "ಮುಟ್ಟಬೇಡ" ಅನ್ನುವ ಬೋರ್ಡು.

ಹೆಣ್ಣಿಗೆ ಮಾತ್ರ ವೇಷ

ಈಗ ಮಾರ್ಮನ್‌ಗೆ ಬರೋಣ. ಅದು ತಿನ್ನೋದು ಲಿಂಬೆ ಎಲೆ. ಅದರ ಮೈಯಲ್ಲಿ ಈ ವಿಷ ಇಲ್ಲ, ಹಕ್ಕಿಗೆ ಒಳ್ಳೇ ಊಟ. ಗಂಡು ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು. ಹೆಣ್ಣು ಮಾತ್ರ ಮೂರು ತರಹ. ಒಂದು ಗಂಡಿನಂತೆಯೇ ಇರ್ತದೆ. ಎರಡನೆಯದು ಕಾಮನ್ ರೋಸ್‌ನಂತೆ ಹಿಂದಿನ ರೆಕ್ಕೆಯಲ್ಲಿ ಬಿಳಿ ಮಚ್ಚೆ, ಅಂಚಿಗೆ ಕೆಂಪು ಚುಕ್ಕೆ ಹಾಕಿಕೊಂಡಿರ್ತದೆ. ಮೂರನೆಯದು ಕ್ರಿಮ್ಸನ್ ರೋಸ್‌ನಂತೆ ಮುಂದಿನ ರೆಕ್ಕೆಗೆ ಬಿಳಿ ಪಟ್ಟೆ, ಹಿಂದಿನದಕ್ಕೆ ಕೆಂಪು ಚುಕ್ಕೆ. ಹಾರುವ ರೀತಿಯೂ ರೋಸ್‌ನ ಹಾಗೇ, ನಿಧಾನ. ಅಟ್ಟಿಸಿಕೊಂಡು ಹೋದರೆ ಮಾತ್ರ ನಿಜ ಹೊರಬೀಳ್ತದೆ, ಓಟ ಕೀಳ್ತದೆ.

ನಮ್ಮೂರಿಗೆ ಹಗಲುವೇಷದವರು ಬರ್ತಿದ್ದರಲ್ಲ, ಹಾಗೆ. ಪೊಲೀಸನ ಟೊಪ್ಪಿಗೆ ಹಾಕಿ ನಿಂತರೆ ಹುಡುಗರು ಓಡಿಹೋಗ್ತಿದ್ದರು. ಟೊಪ್ಪಿಗೆಯ ಒಳಗೆ ಇದ್ದವನು ಬಡ ಕಲಾವಿದ.

ಹೆಣ್ಣಿಗೇ ಯಾಕೆ? ಹೊಟ್ಟೆಯಲ್ಲಿ ಮೊಟ್ಟೆಯ ಭಾರ. ಗಿಡದಿಂದ ಗಿಡಕ್ಕೆ ಎಲೆ ಹುಡುಕ್ತಾ ನಿಧಾನ ತಿರುಗಬೇಕು. ಹಕ್ಕಿಯ ಕಣ್ಣಿಗೆ ಬೀಳುವ ಅಪಾಯ ಅದಕ್ಕೇ ಹೆಚ್ಚು ಅನ್ನೋದು ತಿಳಿದವರ ಲೆಕ್ಕ.

ಈ ಮೋಸದ ವಿದ್ಯೆಯನ್ನು ಮೊದಲು ಬಿಡಿಸಿ ಹೇಳಿದವನು ಹೆನ್ರಿ ಬೇಟ್ಸ್ ಎಂಬ ಇಂಗ್ಲಿಷಿನವನು. ಅಮೆಜಾನ್ ಕಾಡಿನಲ್ಲಿ 11 ವರ್ಷ ಪಾತರಗಿತ್ತಿ ಹಿಡಿದು, 1862ರಲ್ಲಿ ಬರೆದು ಪ್ರಕಟಿಸಿದ. ಮಾರ್ಮನ್‌ನ ಈ ಬೇರೆ ಬೇರೆ ಹೆಣ್ಣುಗಳು ಒಂದೇ ಜಾತಿಯವು ಅಂತ 1865ರಲ್ಲಿ ತೋರಿಸಿದವನು ಅವನ ಗೆಳೆಯ ಆಲ್ಫ್ರೆಡ್ ವಾಲೇಸ್. ಬೇಟ್ಸ್ 13ರ ಹೊತ್ತಿಗೆ ಶಾಲೆ ಬಿಟ್ಟು ಕಾಲುಚೀಲದ ವ್ಯಾಪಾರಿಯ ಹತ್ತಿರ ಕೆಲಸಕ್ಕೆ ಸೇರಿದವನು. ವಾಲೇಸ್ 14ಕ್ಕೆ ಶಾಲೆ ಬಿಟ್ಟವನು. ಏಳನೇ ಇಯತ್ತೆಯ ನನ್ನಂಥವರಿಗೆ ಇದು ಧೈರ್ಯದ ಮಾತು. ನೋಡುವ ಕಣ್ಣಿಗೆ ಸರ್ಟಿಫಿಕೇಟು ಬೇಕಿಲ್ಲ.

ಇನ್ನೊಂದು ಗಂಟು ಬಿಚ್ಚಿದ್ದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ್ ಕುಂಟೆ ಮತ್ತು ಅವರ ಜೊತೆಗಾರರು. ಇಷ್ಟೆಲ್ಲ ಬಣ್ಣ, ಚುಕ್ಕೆ, ಪಟ್ಟೆ ಬದಲಾಗಲು ಹತ್ತಾರು ವಂಶವಾಹಿ ಬೇಕು ಅಂತ ಹಿಂದೆ ಅಂದುಕೊಂಡಿದ್ದರು. ಒಂದೇ ವಂಶವಾಹಿ ಸಾಕು ಅಂತ 2014ರಲ್ಲಿ ಇವರು ತೋರಿಸಿದರು. ಅದರ ಹೆಸರು ಡಬಲ್‌ಸೆಕ್ಸ್. ಗಂಡೋ ಹೆಣ್ಣೋ ಅನ್ನುವ ಕೆಲಸದಲ್ಲಿ ಕೈ ಇರುವ ವಂಶವಾಹಿಯೇ ವೇಷವನ್ನೂ ಹೊಲೀತದೆ. ಆದ್ದರಿಂದ ಒಂದೇ ತಾಯಿಯ ಹೆಣ್ಣುಮಕ್ಕಳು ಬೇರೆ ಬೇರೆ ಉಡುಗೆಯಲ್ಲಿ ಹುಟ್ಟಬಹುದು.

ಸುಳ್ಳು ನಡೀಬೇಕಾದರೆ ನಿಜ ಇರಬೇಕು

ನನಗೆ ಬಹಳ ಹಿಡಿಸಿದ್ದು ಈ ಮಾತು. ಊರಿನಲ್ಲಿ ನಿಜವಾದ ಪೊಲೀಸ್ ಇದ್ದರೆ ಮಾತ್ರ ವೇಷದ ಪೊಲೀಸನಿಗೆ ಹೆದರಿಕೆ. ಹಾಗೆಯೇ, ಕಹಿ ರೋಸ್‌ಗಳು ಸಾಕಷ್ಟು ಇದ್ದರೆ ಮಾತ್ರ ಹಕ್ಕಿ ಪಾಠ ಕಲೀತದೆ. ರೋಸ್ ಕಡಿಮೆಯಾಗಿ ಮಾರ್ಮನ್ ಹೆಚ್ಚಾದರೆ, ಹಕ್ಕಿಗೆ ಸಿಗುವ ಕೆಂಪು ಚುಕ್ಕೆ ಎಲ್ಲ ರುಚಿಯಾಗೇ ಇರ್ತದೆ. ಆವಾಗ ವೇಷ ಕಾಪಾಡೋದಿಲ್ಲ, ತೋರಿಸಿಕೊಡ್ತದೆ.

ಜಪಾನಿನ ದಕ್ಷಿಣಕ್ಕೆ ಮಿಯಾಕೊ ಅಂತ ಒಂದು ದ್ವೀಪ ಇದೆ. ಅಲ್ಲಿ ಮಾರ್ಮನ್ ಮೊದಲಿಂದ ಇತ್ತು, ಕಾಮನ್ ರೋಸ್ ನೆಲೆಸಿರಲಿಲ್ಲ. 1960ರ ದಶಕದ ಕೊನೆಗೆ ರೋಸ್ ಬಂದು ನೆಲೆನಿಂತಿತು. ಆಮೇಲಿನ ವರ್ಷಗಳಲ್ಲಿ ಮಾರ್ಮನ್‌ಗಳಲ್ಲಿ ವೇಷದ ಹೆಣ್ಣುಗಳ ಪಾಲು ಏರ್ತಾ ಹೋಯಿತು. ನಿಜ ಬಂದ ಮೇಲೆ ಸುಳ್ಳಿಗೆ ಬೆಲೆ ಬಂತು.

ಇದನ್ನು ತಿರುಗಿಸಿ ನಮ್ಮ ಹೊಲಕ್ಕೆ ಹಚ್ಚಿ ನೋಡ್ರಿ. ಮೊದಲು ಒಡ್ಡು ಹಸನು ಮಾಡಲು ಕುಡುಗೋಲು ಹಿಡೀತಿದ್ದೆವು. ಬೇರು ಉಳಿದು ಮಳೆಗೆ ಮತ್ತೆ ಚಿಗುರ್ತಿತ್ತು. ಈಗ ಆಳು ಸಿಗೋದಿಲ್ಲ ಅಂತ ಒಡ್ಡಿಗೂ ಕಳೆನಾಶಕ ಹೊಡೀತೇವೆ. ಅದು ಬೇರಿನ ತನಕ ಸುಡ್ತದೆ. ನಮ್ಮ ಮೂಡಣ ಒಡ್ಡಿನಲ್ಲಿ ಆಡುಮುಟ್ಟದ ಗಿಡ ಉಳಿದಿದೆ, ಅಲ್ಲಿ ಕೆಂಪು ಮೈಯ ರೋಸ್ ದಿನಾ ಕಾಣ್ತದೆ. ದಾರಿಯ ಪಕ್ಕದ ಒಡ್ಡುಗಳಲ್ಲಿ ಗಿಡ ಹೋಗಿದೆ, ಅಲ್ಲಿ ರೋಸ್ ಮೊಟ್ಟೆ ಇಡಲು ಜಾಗವೇ ಇಲ್ಲ. ಒಂದು ಕಸ ಹೋದರೆ ಎರಡು ಜಾತಿಯ ರೋಸ್ ಹೋಗ್ತವೆ. ಅವು ಹೋದರೆ ಅವುಗಳ ಹೆಸರು ಹೇಳಿ ಬದುಕುವ ಮೂರನೆಯದಕ್ಕೂ ಕುತ್ತು.

ಒಂದು ಎಚ್ಚರಿಕೆ

ಗಿಡ ಉಳಿಸಿ ಅಂದೆ, ತಿನ್ನಿ ಅನ್ನಲಿಲ್ಲ. ಇದರ ಎಲೆ ಅರೆದು ಹೊಟ್ಟೆ ಹುಳಕ್ಕೆ ಕುಡಿಸುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಈ ಆಮ್ಲ ಮೂತ್ರಪಿಂಡ ಕೆಡಿಸ್ತದೆ, ಕ್ಯಾನ್ಸರ್ ತರ್ತದೆ. ತೂಕ ಇಳಿಸುವ ಔಷಧದಲ್ಲಿ ಈ ಜಾತಿಯ ಗಿಡ ಸೇರಿ ಬೆಲ್ಜಿಯಂ ದೇಶದ ಹೆಂಗಸರ ಮೂತ್ರಪಿಂಡ ಹಾಳಾದದ್ದು 1993ರಲ್ಲಿ ವರದಿ ಆಯಿತು. ಯುರೋಪಿನ ಡ್ಯಾನ್ಯೂಬ್ ನದಿ ಕಡೆಯ ಹಳ್ಳಿಗಳಲ್ಲಿ ರೈತರಿಗೆ ಬಹಳ ವರ್ಷದಿಂದ ಮೂತ್ರಪಿಂಡದ ಬೇನೆ ಇತ್ತು. ಅದಕ್ಕೂ ಈ ವಿಷವೇ ಕಾರಣ ಅನ್ನೋದಕ್ಕೆ 2007ರ ಅಧ್ಯಯನ ಗಟ್ಟಿ ಪುರಾವೆ ಕೊಟ್ಟಿತು. ಅಲ್ಲಿ ಈ ಗಿಡದ ದಾಯಾದಿ ಕಳೆ ಗೋಧಿ ಹೊಲದಲ್ಲಿ ಬೆಳೀತದೆ. ಅದರ ಬೀಜ ಕಾಳಿನೊಳಗೆ ಸೇರಿ, ಹಿಟ್ಟಾಗಿ, ರೊಟ್ಟಿಗೆ ಬಂತು ಅಂತಾರೆ.

ಆದ್ದರಿಂದ ಗೆರೆ ಸ್ಪಷ್ಟ ಇರಲಿ. ಆಡುಮುಟ್ಟದ ಗಿಡ ಒಡ್ಡಿನ ಮೇಲೆ ಇರಲಿ, ಬೆಳೆಯ ಸಾಲಿನೊಳಗೆ ಬೇಡ. ಸಾಲಿನಲ್ಲಿ ಎದ್ದರೆ ಕಾಯಿ ಆಗುವ ಮೊದಲೇ ಕಿತ್ತು ಹಾಕಿ.

ಹೊಲದಲ್ಲಿ ಮಾಡಬೇಕಾದ್ದು

ಲಿಂಬೆ ಸಸಿ ಮೂರು ವರ್ಷದೊಳಗಿನದು ಇದ್ದರೆ ಮರಿಯಿಂದ ನಷ್ಟ ನಿಜ. ಏಳೆಂಟು ಮರಿ ಸೇರಿದರೆ ಸಣ್ಣ ಸಸಿಯನ್ನು ಬೋಳಿಸಿ ಬಿಡ್ತವೆ. ಹೊಸ ಚಿಗುರು ಬರುವ ಕಾಲಕ್ಕೆ ವಾರಕ್ಕೆ ಎರಡು ಸಲ ಮುಂಜಾನೆ ಎಲೆ ತಿರುವಿ ನೋಡಿ. ಮೊಟ್ಟೆ, ಮರಿಯನ್ನು ಕೈಯಿಂದ ತೆಗೆದರೆ ಸಾಕು. ನಮ್ಮ ಇಪ್ಪತ್ತು ಗಿಡಕ್ಕೆ ಅರ್ಧ ತಾಸು ಹಿಡೀತದೆ. ತೆಗೆದ ಮರಿಯನ್ನು ದೊಡ್ಡ ಲಿಂಬೆ ಮರಕ್ಕೆ ಬಿಡ್ತೇನೆ. ಬೆಳೆದ ಮರಕ್ಕೆ ಹತ್ತು ಎಲೆ ಹೋದರೆ ಲೆಕ್ಕವೇ ಅಲ್ಲ.

ಪಾತರಗಿತ್ತಿಯಿಂದ ನನ್ನ ಹೊಲದಲ್ಲಿ ಒಂದು ಕಾಯಿಯೂ ಹೆಚ್ಚಾಗಿದೆ ಅಂತ ನಾನು ಹೇಳೋದಿಲ್ಲ. ಉಳಿದದ್ದು ಬೇರೆ. ಬಾಟ್ಲಿಯ ರೊಕ್ಕ ಉಳೀತು. ಈ ಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಸೂಜಿಮೊನೆಯಷ್ಟು ಸಣ್ಣ ಕಣಜ ಟ್ರೈಕೊಗ್ರಾಮ ಉಳೀತು. ಜೇಡ, ಕಾಜಾಣ, ಪಿಕಳಾರ ಉಳಿದವು. ಲಿಂಬೆ ಮೇಲೆ ಇದ್ದವರು ಪಕ್ಕದ ಕಡಲೆ, ತೊಗರಿಗೂ ಹೋಗಿ ಹುಳ ತಿಂತಾರೆ. ಒಂದು ಸಿಂಪರಣೆ ಇವರೆಲ್ಲರ ಬಾಗಿಲು ಮುಚ್ಚಿಸ್ತದೆ.

ಒಡ್ಡಿಗೆ ಕಳೆನಾಶಕ ಹೊಡೆಯಲೇಬೇಕು ಅನ್ನುವವರು ಒಂದು ಹತ್ತು ಮಾರು ಬಿಟ್ಟು ಹೊಡೀರಿ. ಅಷ್ಟು ಜಾಗ ಕೊಟ್ಟರೆ ಹೊಲ ಸಣ್ಣದಾಗೋದಿಲ್ಲ.

ಮಳೆ ಬಿದ್ದ ಮೇಲೆ ಕಪ್ಪು ರೆಕ್ಕೆ, ಕೆಂಪು ಚುಕ್ಕೆಯ ಪಾತರಗಿತ್ತಿ ಹೂವಿನ ಮೇಲೆ ಕೂತಾಗ ರೆಕ್ಕೆ ನೋಡಬೇಡಿ, ಮೈ ನೋಡಿ. ಮೈ ಕೆಂಪಾಗಿದ್ದರೆ ಅದು ನಿಜವಾದ ಕಹಿ. ಮೈ ಕಪ್ಪಾಗಿದ್ದರೆ ವೇಷದವಳು. ಮಕ್ಕಳಿಗೂ ತೋರಿಸಿ, ಒಂದೇ ದಿನಕ್ಕೆ ಕಲೀತಾರೆ. ನಿಮ್ಮ ಕಡೆ ಆಡುಮುಟ್ಟದ ಗಿಡಕ್ಕೆ ಬೇರೆ ಹೆಸರು ಇದ್ದರೆ ಪತ್ರಿಕೆಗೆ ಒಂದು ಕಾರ್ಡು ಬರೀರಿ. ಹೆಸರು ಗೊತ್ತಿರುವ ಗಿಡವನ್ನು ಕಸ ಅಂತ ಕೀಳಲು ಕೈ ಅಷ್ಟು ಬೇಗ ಏಳೋದಿಲ್ಲ.