ರಿವಾಯತ್ ಪದವೂ ಅರ್ಧ ನಿಮಿಷದ ಲೆಕ್ಕವೂ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಮೊಹರಮ್ಮಿನ ರಾತ್ರಿಯೆಂದರೆ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ. ಹಸನ್-ಹುಸೇನರ ಕಥೆಯನ್ನು, ಕರ್ಬಲಾದ ದುಃಖವನ್ನು, ಹಿಂದೂಗಳೂ ಮುಸಲ್ಮಾನರೂ ಕೂಡಿ ಕನ್ನಡದಲ್ಲಿ ಹಾಡುವರು. ಒಬ್ಬನು ನುಡಿ ಹೇಳಿದರೆ ಮೇಳದವರು ಪಲ್ಲವಿ ಎತ್ತಿಕೊಳ್ಳುವರು. ಹೆಜ್ಜೆ ಹಾಕುತ್ತ ಕಥೆ ಮುಂದೆ ಸಾಗುವುದು.

1966ರಲ್ಲಿ ಅಂದಿನ ಗುಲ್ಬರ್ಗದಲ್ಲಿ ಆಕಾಶವಾಣಿ ನಿಲಯ ಆರಂಭವಾದ ಮೇಲೆ ಈ ಭಾಗದ ಜನಪದ ಹಾಡುಗಾರರ ಕಂಠ ಮನೆಮನೆಗೂ ಕೇಳಿಸಿತು. ಬಾನುಲಿಯಲ್ಲಿ ಯಾವ ಹಾಡು, ಎಷ್ಟು ಹೊತ್ತು ಎಂಬುದನ್ನು ನಿಲಯದವರು ನಿಶ್ಚಯಿಸುವರು. ಅಂತರಜಾಲದಲ್ಲಿ ಅದನ್ನು ನಿಶ್ಚಯಿಸುವುದು ಯಂತ್ರದ ಲೆಕ್ಕ. ನೋಡುಗನು ಎಷ್ಟು ಹೊತ್ತು ನಿಂತನು, ಮತ್ತೊಮ್ಮೆ ನೋಡಿದನೆ, ಗೆಳೆಯರಿಗೆ ಕಳಿಸಿದನೆ ಎಂದು ಎಣಿಸಿ, ಹೆಚ್ಚು ಜನರನ್ನು ಹಿಡಿದು ನಿಲ್ಲಿಸಿದ್ದನ್ನು ಅದು ಇನ್ನಷ್ಟು ಜನರ ಮುಂದೆ ಇಡುತ್ತದೆ. ಹಾಡಿನ ಅರ್ಥದ ಗೊಡವೆ ಅದಕ್ಕಿಲ್ಲ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದಂದಿನಿಂದ ಹಳ್ಳಿಯ ಮೊಬೈಲೂ ಈ ಲೆಕ್ಕಕ್ಕೆ ಸೇರಿತು. 2020ರಲ್ಲಿ ಟಿಕ್‌ಟಾಕ್ ನಿಷೇಧವಾದರೂ ಚಾಳಿ ಇನ್‌ಸ್ಟಾಗ್ರಾಮಿನ ರೀಲುಗಳಲ್ಲಿ ಮುಂದುವರಿಯಿತು.

ಅರ್ಧ ನಿಮಿಷದ ರೀಲಿಗೆ ಪಲ್ಲವಿ, ಕುಣಿತ ಸಾಕು, ಕಥೆಗೆ ಸಾಲದು. ಪಲ್ಲವಿಯನ್ನಷ್ಟೇ ಕೇಳಿ ಬೆಳೆದ ಹುಡುಗನಿಗೆ ನೀರಿಗಾಗಿ ತಪಿಸಿದವರು ಯಾರೆಂಬುದೇ ತಿಳಿಯದು. ಹಾಗೆಂದು ಅಂತರಜಾಲವನ್ನು ಹಳಿಯುವುದು ಸಲ್ಲದು. ದುಡಿಮೆಗೆಂದು ಬೆಂಗಳೂರಿಗೋ ಪುಣೆಗೋ ಹೋದವರಿಗೆ ಊರ ಮೇಳದ ದನಿ ಮುಟ್ಟಿಸಿದ್ದೂ ಅದೇ. ಯೂಟ್ಯೂಬಿನಲ್ಲಿ ಗಂಟೆಗಟ್ಟಲೆಯ ಹಾಡನ್ನು ಪೂರ್ತಿಯಾಗಿ ಇಡಲು ಅಡ್ಡಿಯೇನಿಲ್ಲ. ವಯಸ್ಸಾದ ಹಾಡುಗಾರರು ಇರುವಾಗಲೇ, ಎಲ್ಲ ನುಡಿಗಳನ್ನೂ ಹಾಡಿಸಿ, ಊರಿನ ಹೆಸರು ಬರೆದು ಅಲ್ಲಿಟ್ಟರೆ, ಮುಂದಿನ ಮೊಹರಮ್ಮಿಗೆ ಮೇಳ ಕಟ್ಟುವ ಹುಡುಗರಿಗೆ ಅದು ಸಿಕ್ಕುತ್ತದೆ.